ಐದು ಹೊಡೆತಗಳ ಸಾಕ್ಷ್ಯ: ದೂರಗುರಿಯ ತೋಟಾ ಮತ್ತು ಪ್ರಯೋಗದ ಪ್ರಾಮಾಣ್ಯ

1874ನೆಯ ಇಸವಿಯ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಸಮೀಪದ ಕ್ರೀಡ್‌ಮೂರ್ ಎಂಬಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ಒಂದು ರೈಫಲ್ ಸ್ಪರ್ಧೆ ನಡೆಯಿತು. ತಂಡಕ್ಕೆ ಆರು ಮಂದಿ. ದೂರ 800, 900 ಮತ್ತು 1000 ಗಜ. ಐರ್ಲೆಂಡಿನವರು ನಳಿಗೆಯ ಬಾಯಿಂದ ಮದ್ದು ಗುಂಡುಗಳನ್ನು ತುಂಬುವ ರೈಫಲುಗಳನ್ನೂ, ಅಮೆರಿಕದವರು ಹಿಂಬದಿಯಿಂದ ತೋಟಾ ಇಡುವ ರೈಫಲುಗಳನ್ನೂ ಹಿಡಿದಿದ್ದರು. ನಮ್ಮ ಮಲೆನಾಡಿನವರು ಬಲ್ಲ ಕೇಪಿನ ಕೋವಿಗೂ ತೋಟಾ ಕೋವಿಗೂ ಇರುವ ಭೇದವೇ ಇದು. ಅಮೆರಿಕ 934 ಅಂಕಗಳನ್ನೂ ಐರ್ಲೆಂಡ್ 931 ಅಂಕಗಳನ್ನೂ ಗಳಿಸಿದವು. ತೋಟಾ ರೈಫಲಿನ ಶ್ರೇಷ್ಠತೆ ಅಂದು ಸಿದ್ಧವಾಯಿತೆಂದು ಬಹುಮಂದಿ ಭಾವಿಸಿದರು. ಆದರೆ ಐರ್ಲೆಂಡಿನ ಒಬ್ಬ ಗುರಿಗಾರನು ತನ್ನದಲ್ಲದ ಗುರಿಹಲಗೆಯ ನಡುಮಧ್ಯಕ್ಕೆ ಹೊಡೆದು 4 ಅಂಕಗಳನ್ನು ಕಳೆದುಕೊಂಡಿದ್ದನು. ಆ ಒಂದು ಹೊಡೆತ ಸರಿಯಾದ ಹಲಗೆಗೆ ಬಿದ್ದಿದ್ದರೆ ಐರ್ಲೆಂಡೇ ಗೆಲ್ಲುತ್ತಿತ್ತು. ಅದೇ ಜನ ಅದೇ ವಿಶ್ವಾಸದಿಂದ ತದ್ವಿರುದ್ಧವಾದ ಸಿದ್ಧಾಂತವನ್ನು ಸಾರುತ್ತಿದ್ದರು. ತೋಟಾ ರೈಫಲು ಮುಂದೆ ಮೇಲಾಯಿತೆಂಬುದು ನಿಜ. ಆ ಸ್ಪರ್ಧೆ ಅದನ್ನು ಸಿದ್ಧಪಡಿಸಲಿಲ್ಲವೆಂಬುದೂ ಅಷ್ಟೇ ನಿಜ.

ಈ ಪ್ರಸಂಗವನ್ನು ನಾವು ಮೊದಲೇ ಉಲ್ಲೇಖಿಸಿದುದಕ್ಕೆ ಕಾರಣವಿದೆ. ದೂರಗುರಿಯ ಸ್ಪರ್ಧೆಗೆ ಕೈಯಿಂದ ತೋಟಾ ತುಂಬುವ ಕಲೆಯನ್ನು ಕುರಿತು ಇಂಗ್ಲಿಷಿನಲ್ಲಿ ವಿಪುಲವಾದ ಸಾಹಿತ್ಯ ಬೆಳೆದಿದೆ. ಆ ಸಾಹಿತ್ಯದಲ್ಲಿ ಶ್ರದ್ಧೆಯುಂಟು, ಕೈಚಳಕವುಂಟು, ಅಪಾರವಾದ ಅನುಭವವೂ ಉಂಟು. ಆದರೆ ಇಂಥ ತೋಟಾ ಇನ್ನೊಂದಕ್ಕಿಂತ ಮೇಲೆಂದು ಹೇಳುವುದಕ್ಕೆ ಎಷ್ಟು ಸಾಕ್ಷ್ಯ ಬೇಕೆಂಬ ಪ್ರಶ್ನೆಯನ್ನು ಅದು ಕೇಳಿಕೊಂಡುದು ಅಪೂರ್ವ. ಆ ಪ್ರಶ್ನೆಯನ್ನು ಎತ್ತುವುದೇ ಪ್ರಕೃತ ಲೇಖನದ ಉದ್ದೇಶ. ಪ್ರಯೋಗವನ್ನು ಅವಲಂಬಿಸಿದ ಯಾವ ವಿದ್ಯೆಗೂ ಇದು ಅನ್ವಯಿಸುವುದರಿಂದ ಕೋವಿಯನ್ನು ಮುಟ್ಟದ ಓದುಗರಿಗೂ ಇದು ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

ತೋಟಾದ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಕೊಡುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಕೂರಿಸಿದ ಗುಂಡು. ಕಾರ್ಖಾನೆಯ ತೋಟಾದಲ್ಲಿ ತೃಪ್ತಿ ಕಾಣದ ಗುರಿಗಾರನು ಹೊಡೆದು ಖಾಲಿಯಾದ ಕೋಶವನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುತ್ತಾನೆ. ಅದರ ಕತ್ತನ್ನು ಕಾಯಿಸಿ ಮೆದುಮಾಡುತ್ತಾನೆ. ಮದ್ದನ್ನು ಒಂದು ಗ್ರೇನಿನ ಹತ್ತನೆಯ ಒಂದು ಭಾಗದವರೆಗೆ, ಎಂದರೆ ಸುಮಾರು ಆರೂವರೆ ಮಿಲಿಗ್ರಾಮಿನವರೆಗೆ, ತೂಗುತ್ತಾನೆ. ಗುಂಡು ನಳಿಗೆಯ ತಿರುಪುಗೆರೆಗಳಿಂದ ಎಷ್ಟು ದೂರದಲ್ಲಿ ಕೂರಬೇಕೆಂಬುದನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಅಳೆಯುತ್ತಾನೆ. ಈ ಶ್ರಮ ನಿರರ್ಥಕವಲ್ಲ. 155 ಗ್ರೇನಿನ ಗುಂಡು ಹಾರಿಸುವ .308 ರೈಫಲಿನಲ್ಲಿ ಆರಂಭವೇಗ ಸೆಕೆಂಡಿಗೆ 10 ಅಡಿಗಳಷ್ಟು ವ್ಯತ್ಯಾಸವಾದರೆ 1000 ಗಜದಲ್ಲಿ ಗುಂಡು ಸುಮಾರು 2ರಿಂದ 3 ಅಂಗುಲ ಮೇಲೆ ಇಲ್ಲವೆ ಕೆಳಗೆ ಬೀಳುತ್ತದೆ. ಆಧಾರವಿಟ್ಟು ಹೊಡೆಯುವ ಎಫ್ ವರ್ಗದ ಸ್ಪರ್ಧೆಯಲ್ಲಿ ಆ ದೂರದ ಹತ್ತು ಅಂಕದ ವೃತ್ತದ ವ್ಯಾಸವೇ 10 ಅಂಗುಲ. ಹೀಗಿರುವಲ್ಲಿ ವೇಗದ ಸಮತೆಗಾಗಿ ಗುರಿಗಾರನು ತವಕಿಸುವುದು ಸಹಜವೇ ಸರಿ.

ಈ ಕ್ಷೇತ್ರದಲ್ಲಿ ವಿಮರ್ಶಕನು ಮೊದಲು ಗಮನಿಸಬೇಕಾದ ಗ್ರಂಥ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್‌ಫರ್ಡ್ ಊರಿನ ಡಾಕ್ಟರ್ ಫ್ರಾಂಕ್ಲಿನ್ ಮಾನ್ ಎಂಬವರು 1909ರಲ್ಲಿ ಪ್ರಕಟಿಸಿದ, ಮದ್ದಿನಿಂದ ಗುರಿಯವರೆಗೆ ಗುಂಡಿನ ಹಾರಾಟವನ್ನು ಕುರಿತ ಬೃಹತ್ ಕೃತಿ. ಹೊಡೆಯುವವನ ವೈಯಕ್ತಿಕ ಅಂಶವನ್ನು ಹೊರಗಿಟ್ಟು ನಡೆಸಿದ ಅಧ್ಯಯನವಿದೆಂದು ಗ್ರಂಥಕರ್ತರು ಅದರ ಉಪಶೀರ್ಷಿಕೆಯಲ್ಲಿಯೇ ಘೋಷಿಸಿದ್ದಾರೆ. ಅದಕ್ಕಾಗಿ ಅವರು ಅಲುಗಾಡದ ಭಾರಿ ಕಟ್ಟೆಯನ್ನು ಕಟ್ಟಿಸಿ, ನಳಿಗೆಗೆ ಬಳೆಗಳನ್ನು ತೊಡಿಸಿ, ಅದನ್ನು ಇಂಗ್ಲಿಷಿನ ‘ವಿ’ ಅಕ್ಷರದಾಕಾರದ ತೊಟ್ಟಿಯಲ್ಲಿಟ್ಟು ಹೊಡೆದರು. ಗುಂಡಿನ ದಾರಿಯುದ್ದಕ್ಕೂ ಕಾಗದದ ಪರದೆಗಳನ್ನು ನಿಲ್ಲಿಸಿ, ಅದು ಎಲ್ಲಿ ಓರೆಯಾಯಿತು, ಎಲ್ಲಿ ನೆಟ್ಟಗಾಯಿತೆಂಬುದನ್ನು ತೂತುಗಳ ಆಕಾರದಿಂದ ಓದಿದರು. ಗುಂಡುಗಳ ಮೂಗನ್ನೂ ತಳವನ್ನೂ ಬೇಕೆಂದೇ ವಿಕಾರಗೊಳಿಸಿ ಹೊಡೆದು ನೋಡಿದರು. ಕಣ್ಣಿಗೆ ಎದ್ದುಕಾಣುವ ಮೂಗಿನ ವಿಕಾರದಿಂದ ಆಗುವ ಕೇಡು ಅಲ್ಪ. ಕಾಣದಿರುವ ತಳದ ವಿಕಾರದಿಂದ ಆಗುವ ಕೇಡು ಅತಿಶಯವೆಂಬ ಅವರ ನಿರ್ಣಯ ಇಂದಿಗೂ ನಿಂತಿದೆ.

ಈ ಕೃತಿಯ ಗುಣ ಯಾವುದು? ಅದು ಸುವ್ಯವಸ್ಥಿತವೆಂದು ಯಾರೂ ಹೇಳಲಾರರು. ಅದು ದಿನಚರಿಯಂತೆ ಅಂಕುಡೊಂಕಾಗಿ ಸಾಗುತ್ತದೆ. ಆದರೆ ಸೋತ ಪ್ರಯೋಗಗಳನ್ನು ಮಾನ್ ಮರೆಮಾಚುವುದಿಲ್ಲ. ಯಾವ ಊಹೆಯಿಂದ ಹೊರಟರು, ಅದು ಎಲ್ಲಿ ಮುರಿದುಬಿತ್ತು ಎಂಬುದನ್ನು ಗೆಲುವಿನಷ್ಟೇ ವಿಸ್ತಾರವಾಗಿ ಬರೆಯುತ್ತಾರೆ. ಅವರ ನಂತರದ ತೋಟಾ ಸಾಹಿತ್ಯದಲ್ಲಿ ನಮಗೆ ಬಹುಮಟ್ಟಿಗೆ ಕಾಣದಿರುವುದು ಇದೇ. ಅಲ್ಲಿ ಗೆದ್ದ ತೋಟಾದ ವಿವರ ಮಾತ್ರ ಇರುತ್ತದೆ. ಅದರ ಹಿಂದೆ ಬಿಸುಟ ಹತ್ತು ತೋಟಾಗಳ ಲೆಕ್ಕ ಇರುವುದಿಲ್ಲ.

ದೋಷವನ್ನೂ ಹೇಳಬೇಕು. ಎಷ್ಟು ಹೊಡೆತಗಳಿಂದ ಎಂಥ ತೀರ್ಮಾನಕ್ಕೆ ಬರಬಹುದೆಂಬುದನ್ನು ಅಳೆಯುವ ಗಣಿತ ಮಾನ್ ಅವರ ಬಳಿ ಇರಲಿಲ್ಲ. ಕಾಕತಾಳೀಯವೋ ಎಂಬಂತೆ, ಅವರ ಗ್ರಂಥಕ್ಕೆ ಒಂದು ವರ್ಷ ಹಿಂದೆ, 1908ರಲ್ಲಿ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಎಂಬವರು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅಲ್ಪಸಂಖ್ಯೆಯ ಅಳತೆಗಳಿಂದ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಲೇಖನವನ್ನು ಪ್ರಕಟಿಸಿದ್ದರು. ಒಬ್ಬರ ಬಳಿ ಪ್ರಶ್ನೆಯಿತ್ತು, ಇನ್ನೊಬ್ಬರ ಬಳಿ ಉತ್ತರದ ಬೀಜವಿತ್ತು. ಇವೆರಡೂ ಒಂದೆಡೆ ಕೂಡುವುದಕ್ಕೆ ಕಾಲ ಹಿಡಿಯಿತು. ಅಮೆರಿಕದ ಸೇನೆಯ ಕ್ಷಿಪಣಶಾಸ್ತ್ರದ ಪ್ರಯೋಗಶಾಲೆಯಲ್ಲಿದ್ದ ಫ್ರಾಂಕ್ ಗ್ರಬ್ಸ್ ಅವರು ಹೊಡೆತಗಳ ಚೆದುರನ್ನು ಅಳೆಯುವ ಸಂಖ್ಯಾಶಾಸ್ತ್ರೀಯ ಮಾನಗಳನ್ನು ರೈಫಲುಗಾರರ ಉಪಯೋಗಕ್ಕಾಗಿಯೇ 1964ರಲ್ಲಿ ಒಂದು ಪುಸ್ತಿಕೆಯಾಗಿ ಸಂಗ್ರಹಿಸಿದರು. ಹಾಗಿದ್ದರೂ ಗುರಿಗಾರರ ನಿತ್ಯದ ರೂಢಿ ಹೆಚ್ಚು ಬದಲಾದಂತೆ ತೋರುವುದಿಲ್ಲ.

ಆ ರೂಢಿ ಹೀಗಿದೆ: ಒಂದು ಬಗೆಯ ತೋಟಾದಿಂದ ಐದು ಸಲ ಹೊಡೆದು, ಅತ್ಯಂತ ದೂರವಾಗಿರುವ ಎರಡು ತೂತುಗಳ ಅಂತರವನ್ನು ಅಳೆದು, ಅಂತರ ಕಿರಿದಾದುದನ್ನು ಆರಿಸುವುದು. ಇದರ ಬೆಲೆಯನ್ನು ಪರೀಕ್ಷಿಸೋಣ. ಎಲ್ಲ ತೋಟಾಗಳೂ ಸರ್ವಥಾ ಸಮಾನವಾಗಿದ್ದಾಗಲೂ ಐದು ಹೊಡೆತಗಳ ಈ ಅಂತರ ಒಂದು ಗುಂಪಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ; ಅದರ ಮಾನಕ ವಿಚಲನೆ ಸರಾಸರಿಯ ಕಾಲುಭಾಗದಷ್ಟಿರುತ್ತದೆ. ಇದರಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಯಾವ ಭೇದವೂ ಇಲ್ಲದ ಎರಡು ತೋಟಾಗಳನ್ನು ತಲಾ ಒಂದೊಂದು ಗುಂಪಿನಿಂದ ಹೋಲಿಸಿದರೆ, ಒಂದು ಗುಂಪು ಇನ್ನೊಂದಕ್ಕಿಂತ ಶೇಕಡಾ 25ರಷ್ಟೋ ಅದಕ್ಕಿಂತ ಹೆಚ್ಚೋ ದೊಡ್ಡದಾಗಿ ಕಾಣುವ ಸಂಭವ ಹೆಚ್ಚುಕಡಮೆ ಅರ್ಧಕ್ಕರ್ಧ. ಎರಡನೆಯದು ಇನ್ನೂ ಗಂಭೀರವಾದುದು. ಸಮಾನವಾದ ಹತ್ತು ತೋಟಾಗಳನ್ನು ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸಿದರೆ, ಆ ಗುಂಪು ಸರಾಸರಿಯ ಮೂರರಲ್ಲಿ ಎರಡು ಭಾಗಕ್ಕಿಂತಲೂ ತುಸು ಕಿರಿದಾಗಿ ಕಾಣುವುದು ನಿರೀಕ್ಷಿತವೇ. ಗುರಿಗಾರನು ಹಿಗ್ಗುತ್ತಾನೆ. ಮುಂದಿನ ವಾರ ಅದೇ ತೋಟಾ ಸರಾಸರಿಗೆ ಮರಳಿದಾಗ ಬಿಸಿಲನ್ನೋ ಗಾಳಿಯನ್ನೋ ನಳಿಗೆಯ ಸವೆತವನ್ನೋ ದೂರುತ್ತಾನೆ. ಮತ್ತೆ ಹೊಸ ಶೋಧ ಹೂಡುತ್ತಾನೆ. ಕೆಟ್ಟುಹೋದುದು ಏನೂ ಇಲ್ಲ. ಮೊದಲು ದೊರೆತುದೂ ಏನೂ ಇರಲಿಲ್ಲ.

ವೇಗದ ಅಳತೆಯ ಗತಿಯೂ ಇದೇ. ಐದು ಹೊಡೆತಗಳಿಂದ ಕಂಡ ಮಾನಕ ವಿಚಲನೆ ಸೆಕೆಂಡಿಗೆ 10 ಅಡಿ ಎಂದಿಟ್ಟುಕೊಳ್ಳೋಣ. ಶೇಕಡಾ 95ರ ವಿಶ್ವಾಸದಿಂದ ಹೇಳಬಹುದಾದುದು ಇಷ್ಟೇ: ನಿಜವಾದ ಬೆಲೆ 6 ಅಡಿಗೂ 29 ಅಡಿಗೂ ನಡುವೆ ಎಲ್ಲಿಯೋ ಇದೆ. ಮೊದಲನೆಯದು ಸ್ಪರ್ಧೆ ಗೆಲ್ಲುವ ತೋಟಾ, ಎರಡನೆಯದು ಎಸೆಯಬೇಕಾದ ತೋಟಾ. ಎರಡರ ಭೇದವನ್ನು ಹೇಳಲಾರದ ಸಾಕ್ಷಿಯನ್ನು ಯಾವ ನ್ಯಾಯಸ್ಥಾನ ಒಪ್ಪೀತು?

ಅಮೆರಿಕದ ಕ್ರೈಟನ್ ಆಡೆಟ್ ಅವರ ಹೆಸರಿನಿಂದ ಪ್ರಸಿದ್ಧವಾದ ಏಣಿಯ ಪದ್ಧತಿಯನ್ನೂ ಈ ದೃಷ್ಟಿಯಿಂದ ನೋಡಬೇಕು. ಮದ್ದಿನ ತೂಕವನ್ನು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರಿಸುತ್ತ, ಮೆಟ್ಟಿಲಿಗೊಂದು ಹೊಡೆತದಂತೆ ಹೊಡೆದು, ಎಲ್ಲಿ ಅನುಕ್ರಮವಾದ ಕೆಲವು ಹೊಡೆತಗಳು ಒಂದೇ ಎತ್ತರದಲ್ಲಿ ಬೀಳುವುವೋ ಅದನ್ನು ಸ್ಥಿರಸ್ಥಾನವೆಂದು ಆರಿಸುವುದು ಈ ಪದ್ಧತಿ. ಇದರ ಹಿಂದಿನ ಭೌತಿಕ ವಿಚಾರ ಹುಸಿಯಲ್ಲ. ಬ್ರಿಟಿಷರ ಲೀ–ಎನ್‌ಫೀಲ್ಡ್ ರೈಫಲಿನಲ್ಲಿ ಅಗುಳಿಯ ಹಿಡಿತ ಹಿಂಬದಿಯಲ್ಲಿದ್ದುದರಿಂದ ಹೊಡೆತದ ಹೊತ್ತಿಗೆ ರೈಫಲು ಬಾಗಿ, ನಿಧಾನವಾಗಿ ಹೊರಡುವ ಗುಂಡು ಮೂತಿ ತುಸು ಮೇಲೆದ್ದಾಗ ಹೊರಬರುತ್ತಿತ್ತು. ವೇಗದ ಕೊರತೆಯನ್ನು ಕೋನವು ತುಂಬಿಕೊಡುತ್ತಿತ್ತು. ದೂರಗುರಿಯಲ್ಲಿ ಆ ರೈಫಲಿನ ಕೀರ್ತಿಗೆ ಇದೂ ಒಂದು ಕಾರಣ. ಆದರೆ ವಿಚಾರ ಯುಕ್ತವಾದುದೆಂಬ ಮಾತ್ರಕ್ಕೆ ಪರೀಕ್ಷೆ ಯುಕ್ತವಾಗುವುದಿಲ್ಲ. ಮೆಟ್ಟಿಲಿಗೆ ಒಂದೇ ಹೊಡೆತವಾದಾಗ, ಅಕ್ಕಪಕ್ಕದ ಮೂರು ತೂತುಗಳು ಕೂಡಿಬಿದ್ದುದು ನಳಿಗೆಯ ಗುಣದಿಂದಲೋ ದೈವಯೋಗದಿಂದಲೋ ಹೇಳುವ ಬಗೆಯಿಲ್ಲ. ಅದೇ ಏಣಿಯನ್ನು ಮತ್ತೆರಡು ಸಲ ಹತ್ತಿದಾಗಲೂ ಸ್ಥಿರಸ್ಥಾನ ಅಲ್ಲಿಯೇ ದೊರೆತರೆ ಒಪ್ಪಬಹುದು. ಬೇರೆಡೆಗೆ ಸರಿದರೆ ಅದು ಸ್ಥಿರವೂ ಅಲ್ಲ, ಸ್ಥಾನವೂ ಅಲ್ಲ.

ಇಲ್ಲಿ ಗುರಿಗಾರನ ಪಕ್ಷದಿಂದ ಎರಡು ಆಕ್ಷೇಪಗಳು ಬರಬಹುದು. ಈ ಕ್ರಮಗಳನ್ನು ಅನುಸರಿಸಿಯೇ ಜನ ಗೆದ್ದಿದ್ದಾರಲ್ಲ ಎಂಬುದು ಒಂದು. ಗೆದ್ದವನು ಎಲ್ಲವನ್ನೂ ಮಾಡಿರುತ್ತಾನೆ. ಅವುಗಳಲ್ಲಿ ಯಾವುದು ಗೆಲ್ಲಿಸಿತೆಂಬುದನ್ನು ಗೆಲುವು ಹೇಳುವುದಿಲ್ಲ. ಅಷ್ಟೇ ಅಲ್ಲ, ಇಂಗ್ಲೆಂಡಿನ ಬಿಸ್ಲಿಯಲ್ಲಿ ನಡೆಯುವ ರಾಜಬಹುಮಾನದ ಸ್ಪರ್ಧೆಯಲ್ಲಿ ಬಹುಕಾಲ ಸ್ಪರ್ಧಿಗಳೆಲ್ಲರಿಗೂ ಒಂದೇ ಬಗೆಯ ತೋಟಾ ಹಂಚುತ್ತಿದ್ದರು. ಆರ್ಥರ್ ಫುಲ್ಟನ್ 1912, 1926 ಮತ್ತು 1931ರಲ್ಲಿ, ಎಂದರೆ ಮೂರು ಸಲ, ಅದನ್ನು ಗೆದ್ದರು. ತೋಟಾದ ಭೇದ ಅಳಿದಾಗಲೂ ಗುರಿಗಾರನ ಭೇದ ಅಳಿಯಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಸರಿಯಾದ ಸಾಕ್ಷ್ಯಕ್ಕೆ ಬೇಕಾದಷ್ಟು ಹೊಡೆದರೆ ನಳಿಗೆಯೇ ಸವೆದುಹೋಗುತ್ತದೆ. ಇದು ಸುಳ್ಳಲ್ಲ. ಎರಡು ತೋಟಾಗಳ ಚೆದುರಿನಲ್ಲಿ ಶೇಕಡಾ 10ರ ಭೇದವನ್ನು ನಂಬಲರ್ಹವಾಗಿ ಗುರುತಿಸಬೇಕಾದರೆ ತಲಾ ಕನಿಷ್ಠ 200 ಹೊಡೆತಗಳಾದರೂ ಬೇಕೆಂದು ಲೆಕ್ಕದಿಂದ ತಿಳಿಯುತ್ತದೆ. ಹತ್ತು ಬಗೆಗಳಿಗೆ 2000 ಹೊಡೆತಗಳಾದವು. ನಳಿಗೆಯ ಆಯುಸ್ಸಾದರೋ ಕೆಲವೇ ಸಾವಿರ. ಅರಿಯಬೇಕಾದ ವಸ್ತುವನ್ನು ಅರಿವೇ ತಿಂದುಹಾಕುವ ಈ ಸಂಕಟ ವಾಸ್ತವವಾದುದು. ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ, ಐದು ಹೊಡೆತಗಳು ಸಾಕೆಂಬುದಲ್ಲ. ಶೇಕಡಾ 10ರ ಭೇದವನ್ನು ಹುಡುಕುವುದೇ ಬೇಡವೆಂಬುದು. ಒಂದರ ಚೆದುರು ಇನ್ನೊಂದರ ಒಂದೂವರೆ ಪಟ್ಟು ಇದ್ದರೆ ಅದು ಹದಿನೈದು ಇಪ್ಪತ್ತು ಹೊಡೆತಗಳಲ್ಲಿ ಬಹುಮಟ್ಟಿಗೆ ತೋರಿಬರುತ್ತದೆ. ಅಂಥ ದೊಡ್ಡ ದೋಷಗಳನ್ನು ಕಳೆದುಕೊಂಡ ಮೇಲೆ ಉಳಿಯುವ ಸಣ್ಣ ಭೇದಗಳಿಗಾಗಿ ನಳಿಗೆಯನ್ನು ಸವೆಸುವುದು ವ್ಯರ್ಥ.

ಅದು ವ್ಯರ್ಥವೆನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಸ್ವತಂತ್ರವಾದ ದೋಷಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಗಾಳಿಯ ಮತ್ತು ಕೈಯ ದೋಷ 4 ಅಂಗುಲ, ತೋಟಾದ ದೋಷ 3 ಅಂಗುಲವಾದರೆ ಒಟ್ಟು ದೋಷ 5 ಅಂಗುಲ. ಮಹಾಪ್ರಯಾಸದಿಂದ ತೋಟಾದ ದೋಷವನ್ನು ಅರ್ಧಕ್ಕಿಳಿಸಿದರೂ ಒಟ್ಟು ದೋಷ ಸುಮಾರು 4.3 ಅಂಗುಲಕ್ಕೆ ಮಾತ್ರ ಇಳಿಯುತ್ತದೆ. ಮೇಲೆ ಹೇಳಿದ ರೈಫಲಿನಲ್ಲಿ ಅಡ್ಡಗಾಳಿಯ ವೇಗವನ್ನು ಗಂಟೆಗೆ ಒಂದು ಮೈಲಿಯಷ್ಟು ತಪ್ಪಾಗಿ ಊಹಿಸಿದರೆ 1000 ಗಜದಲ್ಲಿ ಗುಂಡು ಸುಮಾರು 8ರಿಂದ 10 ಅಂಗುಲ ಸರಿಯುತ್ತದೆ. ತಕ್ಕಡಿಯ ಮುಂದೆ ಕಳೆದ ಸಂಜೆಗಳಲ್ಲಿ ಕೆಲವನ್ನಾದರೂ ಬಾವುಟಗಳ ಮುಂದೆ ಕಳೆದಿದ್ದರೆ ಲಾಭ ಹೆಚ್ಚಾಗುತ್ತಿತ್ತು.

ಹಾಗಾದರೆ ಏನು ಮಾಡಬೇಕು? ನಮ್ಮ ಸೂಚನೆಗಳು ಸರಳವಾದವು. ಎರಡು ತುದಿಯ ತೂತುಗಳನ್ನಷ್ಟೇ ಅಳೆದು ಉಳಿದ ಮೂರನ್ನು ಕಡೆಗಣಿಸುವ ಬದಲು, ಎಲ್ಲ ತೂತುಗಳೂ ಕೇಂದ್ರದಿಂದ ಎಷ್ಟು ದೂರವೆಂಬ ಸರಾಸರಿ ತ್ರಿಜ್ಯವನ್ನು ಅಳೆಯಲಿ. ಬೇರೆ ಬೇರೆ ದಿನಗಳ ಗುಂಪುಗಳನ್ನು ಕೂಡಿಸಿ ಲೆಕ್ಕ ಹಾಕಲಿ. ತೋಟಾಗಳನ್ನು ಬೆರೆಸಿ, ಯಾವುದು ಯಾವುದೆಂದು ಹೊಡೆಯುವವನಿಗೆ ತಿಳಿಯದಂತೆ ಇನ್ನೊಬ್ಬರು ಕೊಡಲಿ. ಆರಿಸಿದ ತೋಟಾವನ್ನು ಆರಿಸಿದ ಮೇಲೆ ಹೊಸದಾಗಿ ಪರೀಕ್ಷಿಸಲಿ. ಆಯ್ಕೆಗೆ ಕಾರಣವಾದ ಗುಂಪನ್ನೇ ಅದರ ಪ್ರಮಾಣಪತ್ರವೆಂದು ತೋರಿಸದಿರಲಿ. ಎಲ್ಲಕ್ಕೂ ಮಿಗಿಲಾಗಿ ಸೋತ ಪ್ರಯೋಗಗಳ ಲೆಕ್ಕವನ್ನು ಇಡಲಿ.

ಮಾನ್ ತಮ್ಮ ಕಟ್ಟೆಯ ಮೇಲೆ ಕೈಯ ನಡುಕವನ್ನೂ ಕಣ್ಣಿನ ಮಸುಕನ್ನೂ ಹೊರಗಿಟ್ಟರು. ಮನಸ್ಸಿನ ಆಸೆಯನ್ನು ಹೊರಗಿಡುವುದಕ್ಕೆ ಕಲ್ಲುಗಾರೆಯ ಕಟ್ಟೆ ಸಾಲದು. ಅದಕ್ಕೆ ಎಣಿಕೆಯ ಶಿಸ್ತು ಬೇಕು. ಪ್ರಯೋಗಶಾಲೆಗಳಲ್ಲಿ ಮೂರು ಅಳತೆಗಳನ್ನು ತೆಗೆದು, ಹೊಂದದ ಒಂದನ್ನು ಬಿಟ್ಟು, ಉಳಿದೆರಡರ ಸರಾಸರಿಯನ್ನು ಬರೆದಿಡುವ ನಾವು ಗುರಿಗಾರನನ್ನು ನೋಡಿ ನಗುವುದಕ್ಕೆ ಮೊದಲು ನಮ್ಮ ದಾಖಲೆ ಪುಸ್ತಕಗಳನ್ನೊಮ್ಮೆ ತೆರೆದು ನೋಡಿಕೊಳ್ಳುವುದು ಉಚಿತ.