ಕೊಂಡ ಮೊಬೈಲು ಯಾರ ಸ್ವತ್ತು?

ವಾಣಿಜ್ಯ ಪದವಿಯ ವಿದ್ಯಾರ್ಥಿಗಳು ಓದಲೇಬೇಕಾದ ಶಾಸನಗಳಲ್ಲಿ 1930ರ ಸರಕು ಮಾರಾಟ ಅಧಿನಿಯಮವೂ ಒಂದು. ಅದರ 4ನೆಯ ಪ್ರಕರಣದ ತಾತ್ಪರ್ಯ ಅತ್ಯಂತ ಸರಳ: ಬೆಲೆಗೆ ಪ್ರತಿಯಾಗಿ ಸರಕಿನ ಸ್ವಾಮ್ಯವು ಮಾರುವವನಿಂದ ಕೊಳ್ಳುವವನಿಗೆ ವರ್ಗವಾಗುವುದೇ ಮಾರಾಟ. 14ನೆಯ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಂಡವನು ಕೊಂಡ ವಸ್ತುವನ್ನು ನಿರಾತಂಕವಾಗಿ ಅನುಭವಿಸತಕ್ಕವನೆಂಬ ಭರವಸೆಯು, ವ್ಯತಿರಿಕ್ತ ಉದ್ದೇಶ ವ್ಯಕ್ತವಾಗದ ಹೊರತು, ಬಾಯಿಬಿಟ್ಟು ಹೇಳದಿದ್ದರೂ ಪ್ರತಿಯೊಂದು ಮಾರಾಟದಲ್ಲಿ ಅಡಗಿಯೇ ಇರುತ್ತದೆ. ತಕ್ಕಡಿ ಹಿಡಿದು ಬದುಕಿದ ನಮ್ಮ ಹಿರಿಯರಿಗೆ ಈ ತತ್ತ್ವವನ್ನು ಯಾವ ಶಾಸನವೂ ಕಲಿಸಬೇಕಾಗಿರಲಿಲ್ಲ. ಹಿತ್ತಾಳೆಯ ಕೊಡವನ್ನು ಮಾರಿದ ಮೇಲೆ ಅದು ಕೊಂಡವರ ಮನೆಯ ಸ್ವತ್ತು. ಅದಕ್ಕೆ ಕಲಾಯಿ ಹಾಕಿಸಲು ಅವರು ಮಾರಿದ ಅಂಗಡಿಯ ಅಪ್ಪಣೆ ಕೇಳುವುದಿಲ್ಲ.

ಈ ಹಳೆಯ ಅಳತೆಗೋಲನ್ನು ಇಂದು ಪ್ರತಿಯೊಬ್ಬರ ಕಿಸೆಯಲ್ಲಿರುವ ಮೊಬೈಲಿಗೆ ಹಿಡಿದು ನೋಡುವುದು ಈ ಲೇಖನದ ಉದ್ದೇಶ. ಮೊಬೈಲು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ಸಾಕಷ್ಟಾಗಿದೆ. ಮಕ್ಕಳ ಕಣ್ಣು, ಯುವಕರ ಕಾಲಹರಣ ಮುಂತಾದ ವಿಷಯಗಳನ್ನು ಇಲ್ಲಿ ಎತ್ತಿಕೊಳ್ಳುತ್ತಿಲ್ಲ. ವ್ಯಾಪಾರದ ದೃಷ್ಟಿಯಿಂದ ನನ್ನ ಪ್ರಶ್ನೆ ಒಂದೇ: ಇದು ಮಾರಾಟವೇ, ಬಾಡಿಗೆಯೇ?

ಮೊದಲು ಉಪಕಾರವನ್ನು ಒಪ್ಪಿಕೊಂಡು ಮುಂದುವರಿಯುವುದು ನ್ಯಾಯ. ಕಾಫಿ ಮಂಡಳಿಯ ಕಡ್ಡಾಯ ಪೂಲ್ ವ್ಯವಸ್ಥೆಯು 1996ರಲ್ಲಿ ಪೂರ್ಣವಾಗಿ ಕೊನೆಗೊಂಡ ಬಳಿಕ ತನ್ನ ಕಾಫಿಗೆ ತಾನೇ ಬೆಲೆ ಹುಡುಕಿಕೊಳ್ಳಬೇಕಾದ ಹೊಣೆ ಕೊಡಗಿನ ಬೆಳೆಗಾರನ ಮೇಲೆ ಬಿತ್ತು. ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ, ಅರೇಬಿಕಾಕ್ಕೆ ನ್ಯೂಯಾರ್ಕ್ ಮಾರುಕಟ್ಟೆ ದರ ಕಟ್ಟುತ್ತವೆ. ಆ ದರವನ್ನು ವ್ಯಾಪಾರಿ ಮಾತ್ರ ತಿಳಿದಿದ್ದು ಬೆಳೆಗಾರ ಅರಿಯದೆ ಇದ್ದ ಕಾಲವೊಂದಿತ್ತು. ಇಂದು ಸಿದ್ದಾಪುರದ ಪೇಟೆಗೆ ನಾಲ್ಕು ಚೀಲ ಚೆರ್ರಿ ತರುವ ಸಣ್ಣ ಹಿಡುವಳಿದಾರನೂ ದರ ನೋಡಿಕೊಂಡೇ ಬರುತ್ತಾನೆ. ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಅಸ್ಸಾಂ, ಬಂಗಾಳದ ಕೂಲಿಕಾರರು ವಾರದ ಸಂತೆಯ ದಿನ ನಿಂತ ನಿಲುವಿನಲ್ಲೇ ಊರಿಗೆ ಹಣ ಕಳುಹಿಸುತ್ತಾರೆ. ಇವೆರಡೂ ಅಲ್ಪ ಪ್ರಯೋಜನಗಳಲ್ಲ. ಪ್ರಯೋಜನ ದೊಡ್ಡದಾದಷ್ಟೂ ಕರಾರು ಶುದ್ಧವಾಗಿರಬೇಕಾದ ಅಗತ್ಯವೂ ದೊಡ್ಡದು. ಏಕೆಂದರೆ ಬಿಡಲಾಗದ ವಸ್ತುವಿನ ಮೇಲೆಯೇ ಮನುಷ್ಯನನ್ನು ಸುಲಭವಾಗಿ ಕಟ್ಟಿಹಾಕಬಹುದು.

ಈಗ ಕರಾರನ್ನು ಪರಿಶೀಲಿಸೋಣ. ಮೊಬೈಲು ಕೊಂಡವನಿಗೆ ದೊರೆಯುವುದು ಗಾಜು, ಲೋಹ, ಬ್ಯಾಟರಿಗಳ ಸ್ವಾಮ್ಯ. ಅದನ್ನು ನಡೆಸುವ ತಂತ್ರಾಂಶ ಅವನದಲ್ಲ. ಅದನ್ನು ಬಳಸಲು ಪರವಾನಗಿ ಮಾತ್ರ ಉಂಟು. ಪೆಟ್ಟಿಗೆ ಬಿಚ್ಚಿದ ಕೂಡಲೇ ಕಾಣಿಸುವ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತದೆ ಫೋನು ಬಳಕೆಗೆ ಬರುವುದಿಲ್ಲ. ಹಣ ತೆತ್ತದ್ದು ಅಂಗಡಿಯಲ್ಲಿ, ಷರತ್ತು ಕಂಡದ್ದು ಮನೆಯಲ್ಲಿ. ಅಧಿನಿಯಮವು ಕಲ್ಪಿಸಿದ ನಿರಾತಂಕ ಅನುಭೋಗಕ್ಕೆ ವ್ಯತಿರಿಕ್ತವಾದ ಉದ್ದೇಶವನ್ನು ಹೀಗೆ ಬೆರಳಿನ ಒಂದು ತಾಗುವಿಕೆಯಿಂದ ಬರೆಸಿಕೊಳ್ಳಲಾಗುತ್ತದೆ. ಬೆಲೆ ಸಂದಾಯವಾದ ನಂತರ ಷರತ್ತು ತಿಳಿಸುವ ವ್ಯಾಪಾರಿಯನ್ನು ನಮ್ಮ ಪೇಟೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೆಂಬುದು ಓದುಗರಿಗೆ ತಿಳಿದೇ ಇದೆ.

ಇದರ ಪರಿಣಾಮಕ್ಕೆ ನಿದರ್ಶನಗಳು ದುರ್ಲಭವಲ್ಲ. ಹಳೆಯದಾದ ಬ್ಯಾಟರಿಯುಳ್ಳ ಐಫೋನುಗಳ ವೇಗವನ್ನು ತಂತ್ರಾಂಶದ ಮೂಲಕ ತಗ್ಗಿಸಲಾಗುತ್ತಿದೆ ಎಂಬುದನ್ನು ಆಪಲ್ ಸಂಸ್ಥೆಯು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಹಠಾತ್ತಾಗಿ ಆರಿಹೋಗದಿರಲೆಂದು ಹಾಗೆ ಮಾಡಿದೆವೆಂಬುದು ಅದರ ವಿವರಣೆ. ಆ ವಿವರಣೆ ನಿಜವೆಂದೇ ಇಟ್ಟುಕೊಳ್ಳೋಣ. ಬ್ಯಾಟರಿಯನ್ನು ಬದಲಿಸಿದರೆ ಸಾಕು ಎಂಬ ಸಂಗತಿಯನ್ನು ಒಡೆಯನಿಗೆ ಮೊದಲೇ ತಿಳಿಸದಿದ್ದುದರಿಂದ ಎಷ್ಟೋ ಜನ ಹೊಸ ಫೋನಿಗೆ ಹಣ ತೆತ್ತಿರಬೇಕು. ಬಡವರ ಫೋನಿನ ಕಥೆಯೂ ಬೇರೆಯಲ್ಲ. 2017ರಲ್ಲಿ 1,500 ರೂಪಾಯಿಗಳ ಠೇವಣಿಗೆ ದೊರೆತ ಜಿಯೋಫೋನು ಗುಂಡಿಗಳುಳ್ಳ ಅಗ್ಗದ ಉಪಕರಣ. ಮರುವರ್ಷ ಅದಕ್ಕೆ ವಾಟ್ಸಾಪ್ ಬಂದಿತು. 2024ರ ಜೂನಿನಿಂದ ಆ ಬಗೆಯ ಫೋನುಗಳಲ್ಲಿ ವಾಟ್ಸಾಪನ್ನು ಹೊಸದಾಗಿ ಪಡೆಯುವ ಅವಕಾಶ ನಿಂತುಹೋಯಿತು. ಗುಂಡಿ ಸವೆದಿಲ್ಲ, ಗಾಜು ಒಡೆದಿಲ್ಲ. ವಸ್ತು ಬದುಕಿರುವಾಗಲೇ ಅದರ ಪ್ರಯೋಜನ ತೀರಿಹೋಯಿತು. ನಮ್ಮ ಅಂಗಡಿಯ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದ ಫೋನೊಂದರ ಪರದೆ ಒಡೆದಾಗ, ಆ ಮಾದರಿಯ ಬಿಡಿಭಾಗ ಈಗ ಬರುವುದಿಲ್ಲವೆಂದು ಅಧಿಕೃತ ಸೇವಾಕೇಂದ್ರದವರು ಹಿಂದಿರುಗಿಸಿದರು. ಕೊಂಡು ನಾಲ್ಕು ವರ್ಷವೂ ತುಂಬಿರಲಿಲ್ಲ. ಕೊನೆಗೆ ಪೇಟೆಯ ರಿಪೇರಿ ಹುಡುಗನೊಬ್ಬ ಹಳೆಯ ಫೋನಿನಿಂದ ಬಿಚ್ಚಿದ ಪರದೆಯನ್ನು ಹಾಕಿ ಅದನ್ನು ನಡೆಸಿಕೊಟ್ಟನು.

ಬೇರೆ ದಾರಿ ಇರಲೇ ಇಲ್ಲವೆಂದು ಹೇಳುವವರು ಬೆಂಗಳೂರಿನಲ್ಲೇ ಹುಟ್ಟಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ನೆನೆಯುವುದು ಒಳ್ಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರೂ ಎನ್‌ಕೋರ್ ಎಂಬ ತಂತ್ರಾಂಶ ಸಂಸ್ಥೆಯ ಎಂಜಿನಿಯರುಗಳೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. 2001ರಲ್ಲಿ ಮಾದರಿಯನ್ನು ಜನರ ಮುಂದಿಟ್ಟರು. ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಗುಣಗಳನ್ನು ಹೆಸರಿನಲ್ಲೇ ಹೊತ್ತ ಈ ಉಪಕರಣವು ಮುಕ್ತ ತಂತ್ರಾಂಶವಾದ ಲಿನಕ್ಸ್‌ನಿಂದ ನಡೆಯುತ್ತಿತ್ತು. ಅದರ ಯಂತ್ರಾಂಶದ ವಿನ್ಯಾಸವನ್ನೂ ಮುಕ್ತ ಪರವಾನಗಿಯಡಿ ನೀಡಲಾಗಿತ್ತು. ಅಕ್ಷರ ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಅದರ ಸ್ಮಾರ್ಟ್ ಕಾರ್ಡಿನ ಕಲ್ಪನೆ. ಒಂದು ಹಳ್ಳಿಗೆ ಒಂದೇ ಉಪಕರಣ ಸಾಕು. ಪ್ರತಿಯೊಬ್ಬನೂ ತನ್ನ ಕಾರ್ಡನ್ನು ತೂರಿಸಿ ಕೆಲಸ ಮುಗಿಸಿ, ತನ್ನ ಮಾಹಿತಿಯನ್ನು ಕಾರ್ಡಿನೊಂದಿಗೆ ಮನೆಗೆ ಒಯ್ಯುತ್ತಾನೆ. ಉಪಕರಣ ಊರಿನದು, ಗುಟ್ಟು ಅವರವರದು. ಇಂದಿನ ವ್ಯವಸ್ಥೆ ಇದಕ್ಕೆ ತೀರ ವಿಪರೀತ: ಉಪಕರಣವನ್ನು ತಲೆಗೊಂದರಂತೆ ಕೊಳ್ಳಬೇಕು, ಗುಟ್ಟನ್ನು ಮಾತ್ರ ದೂರದ ಕಂಪನಿಗೆ ಒಪ್ಪಿಸಬೇಕು.

ಸಿಂಪ್ಯೂಟರ್ ಗೆಲ್ಲಲಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೋಪೆಟಾ ಸಂಸ್ಥೆಗಳು 2004ರ ಮಾರ್ಚ್‌ನಲ್ಲಿ ‘ಅಮಿದ’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಆರಂಭದ ಮಾದರಿಯ ಬೆಲೆಯೇ ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿತ್ತು. ಹಳ್ಳಿಗರಿಗೆ ಅದು ಅಗ್ಗವಲ್ಲ. ಪಟ್ಟಣಿಗರಿಗೆ ಮೊಬೈಲಿನ ಆಕರ್ಷಣೆ ಅದರಲ್ಲಿರಲಿಲ್ಲ. ಮೈಸೂರಿನ ಸಂಘಮಿತ್ರ ಸಂಸ್ಥೆಯ ಕಿರುಸಾಲದ ಕೆಲಸದಂಥ ಕೆಲವು ಕಡೆ ಬಳಕೆಯಾದರೂ ನಿರೀಕ್ಷಿಸಿದ ಮಾರಾಟ ಆಗಲಿಲ್ಲ. ವ್ಯಾಪಾರಿಯಾಗಿ ಈ ಸೋಲನ್ನು ನಾನು ಮರೆಮಾಚಲಾರೆ. ಬೆಲೆ ಹೊಂದದ ಸರಕು ಎಷ್ಟು ಸಾತ್ವಿಕವಾಗಿದ್ದರೂ ಅಂಗಡಿಯಲ್ಲೇ ಉಳಿಯುತ್ತದೆ. ಆದರೆ ಸೋತದ್ದು ಬೆಲೆ ಮತ್ತು ಕಾಲದ ಲೆಕ್ಕಾಚಾರ. ಅದು ಎತ್ತಿದ ಪ್ರಶ್ನೆಗಳಿಗೆ ಗೆದ್ದ ಫೋನುಗಳು ಉತ್ತರ ಕೊಟ್ಟಿವೆಯೆಂದು ತಿಳಿಯಬಾರದು.

ಭಾಷೆಯ ವಿಷಯವನ್ನೇ ನೋಡಿ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಂಗೀಕರಿಸಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಮನೆಯ ಕೆಲಸವನ್ನು ಮನೆಯವರು ಮಾಡಿ ಮುಗಿಸಿದ್ದರು. ಆದರೂ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಅಕ್ಷರಗಳು ಮೂಡುವ ಏರ್ಪಾಡು ಬಂದದ್ದು 2012ರ ಆವೃತ್ತಿಯಲ್ಲಿ. 2007ರಲ್ಲಿ ಹುಟ್ಟಿದ ಐಫೋನಿಗೆ ತನ್ನದೇ ಆದ ಕನ್ನಡ ಕೀಲಿಮಣೆ ದೊರೆಯಲು 2017ರ ವರೆಗೆ ಕಾಯಬೇಕಾಯಿತು. ಕೊಂಡವನು ತನ್ನ ವಸ್ತುವಿನ ಮೇಲೆ ತನ್ನ ಭಾಷೆಯಲ್ಲಿ ಬರೆಯಲು ಹತ್ತು ವರ್ಷ ಪರರ ಕೃಪೆಯನ್ನು ಕಾಯಬೇಕಾದಲ್ಲಿ, ಸ್ವಾಮ್ಯ ಯಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಆ್ಯಪುಗಳ ಪ್ರಪಂಚ. ಶ್ರಾವಕನ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದೆಂದು ಇದರ ಅರ್ಥ. ಕಳಪೆಯನ್ನು ಅಸಲಿನಂತೆ ತೋರಿಸಿ ಮಾರುವ ಪ್ರತಿರೂಪಕವ್ಯವಹಾರ ಇನ್ನೊಂದು. ಕಾಫಿ ವ್ಯಾಪಾರದಲ್ಲಿ ಔಟ್‌ಟರ್ನ್ ಮತ್ತು ತೇವಾಂಶ ನೋಡುವಾಗ ಬೆಳೆಗಾರನ ಕಣ್ಣೆದುರೇ ಅಳೆಯಬೇಕೆಂಬ ರೂಢಿ ಇರುವುದು ಇಂಥ ಸಂಶಯಕ್ಕೆ ಎಡೆ ಇರಬಾರದೆಂದೇ. ಆ್ಯಪಿನ ಅಳತೆ ಯಾರ ಕಣ್ಣಿಗೂ ಕಾಣದು. ಸೇರುವ ಬಾಗಿಲು ಅಗಲ, ಹೊರಬೀಳುವ ಬಾಗಿಲು ಎಲ್ಲಿದೆಯೆಂದೇ ತಿಳಿಯದು. ಮೊದಲು ತೋರಿಸಿದ ಬೆಲೆ ಒಂದು, ಕೊನೆಯಲ್ಲಿ ಕೂಡಿಸಿದ ಬೆಲೆ ಮತ್ತೊಂದು. ಇಂಥ ಹದಿಮೂರು ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾದಿಂದ ಬಿಡಿಸಿಕೊಳ್ಳಲಾಗದಂತೆ ಮಾಡುವುದು ಇವೆಲ್ಲ ಅದರಲ್ಲಿವೆ. ಹೆಸರುಗಳು ಹೊಸವು, ದೋಷಗಳು ನಮ್ಮ ಆಚಾರ್ಯರು ಬಹು ಹಿಂದೆಯೇ ಗುರುತಿಸಿದವು.

ವ್ಯಾಪಾರಿಗಳಾದ ನಮ್ಮನ್ನು ನೇರವಾಗಿ ಮುಟ್ಟಿದ ಪ್ರಸಂಗ 2025ರ ಜುಲೈ ತಿಂಗಳದು. 2016ರಲ್ಲಿ ಆರಂಭವಾದ ಯುಪಿಐ ಪಾವತಿಯ ದಾಖಲೆಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ನೀಡಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಮಾಯವಾಗಿ ‘ನಗದು ಮಾತ್ರ’ ಎಂಬ ಬರಹ ಬಂದಿತು. ಮುಖ್ಯಮಂತ್ರಿಗಳೊಡನೆ ಮಾತುಕತೆಯಾದ ನಂತರ ವಿಷಯ ತಣ್ಣಗಾಯಿತು. ಸಲ್ಲಬೇಕಾದ ತೆರಿಗೆಯನ್ನು ತಪ್ಪಿಸುವುದು ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರ. ಅದನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಆದರೆ ಲೆಕ್ಕಶಾಸ್ತ್ರದ ಮೊದಲ ಪಾಠವನ್ನು ಇಲ್ಲಿ ಜ್ಞಾಪಿಸಬೇಕು. ಜಮೆಯೆಲ್ಲ ಮಾರಾಟವಲ್ಲ. ಅಳಿಯ ಹಿಂದಿರುಗಿಸಿದ ಸಾಲ, ನೆರೆಯವನಿಗೆ ಚಿಲ್ಲರೆ ಕೊಟ್ಟು ಪಡೆದ ಹಣ, ತೆರಿಗೆಯೇ ಇಲ್ಲದ ಹಾಲು ತರಕಾರಿಯ ಬೆಲೆ, ಇವೆಲ್ಲ ಆ ದಾಖಲೆಯಲ್ಲಿ ಒಂದೇ ಸಾಲಿನ ಅಂಕಿಗಳು. ಖಾತೆಪುಸ್ತಕದಲ್ಲಾದರೆ ಪ್ರತಿ ಜಮೆಯ ಎದುರು ವಿವರ ಬರೆಯಲು ಸ್ಥಳವಿರುತ್ತದೆ. ಪಾವತಿಯ ವೇದಿಕೆಯಾದರೋ ಅಂಕಿಯನ್ನು ಜೋಪಾನವಾಗಿಟ್ಟು ಅರ್ಥವನ್ನು ಕೈಬಿಡುತ್ತದೆ. ನಮ್ಮ ಲೆಕ್ಕವನ್ನು ಪರರು ಬರೆದಿಡುವಾಗ, ನಾವೂ ಒಂದು ಪುಸ್ತಕ ಇಡದಿದ್ದರೆ, ಉತ್ತರ ಹೇಳುವ ದಿನ ಬಾಯಿಮಾತಿನ ಹೊರತು ಕೈಯಲ್ಲಿ ಏನೂ ಇರುವುದಿಲ್ಲ.

ಪರಿಹಾರದ ಸೂಚನೆಗಳು ಕಾಣದೆ ಇಲ್ಲ. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡಿತೆಂದು ಭಾರತೀಯ ಸ್ಪರ್ಧಾ ಆಯೋಗವು 2022ರಲ್ಲಿ ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯೊಂದನ್ನು ರಚಿಸಿತು. ಯೂರೋಪಿನ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳನ್ನೂ ಕನಿಷ್ಠ ಐದು ವರ್ಷ ತಂತ್ರಾಂಶದ ನವೀಕರಣವನ್ನೂ ಒದಗಿಸಬೇಕು. ಅಲ್ಲಿನ ಗ್ರಾಹಕನಿಗೆ ಕೊಡಬಲ್ಲದ್ದನ್ನು ಇಲ್ಲಿನವನಿಗೆ ಏಕೆ ಕೊಡಬಾರದು ಎಂದು ಕೇಳಲು ನಮಗೆ ಈಗ ಆಧಾರ ದೊರೆತಿದೆ.

ಕಾನೂನು ಬರುವವರೆಗೆ ಗೃಹಸ್ಥನು ಮಾಡಬಹುದಾದದ್ದು ಹಲವುಂಟು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದೆಂದರೆ ವಸ್ತುವನ್ನು ದ್ವೇಷಿಸುವುದಲ್ಲ, ಎಣಿಸಿ ಇಟ್ಟುಕೊಳ್ಳುವುದು. ಫೋನು ಕೊಳ್ಳುವ ಮೊದಲು ಎಷ್ಟು ವರ್ಷ ನವೀಕರಣ ಸಿಗುತ್ತದೆ, ಬ್ಯಾಟರಿ ಬದಲಿಸಲು ಎಷ್ಟು ವೆಚ್ಚ ಎಂದು ಕೇಳಿ, ಉತ್ತರವನ್ನು ರಸೀತಿಯ ಮೇಲೆ ಬರೆಸಿಕೊಳ್ಳಬೇಕು. ಹೊಸ ಮಾದರಿ ಬಂದಿತೆಂಬ ಒಂದೇ ಕಾರಣಕ್ಕೆ ಕೊಳ್ಳದೆ, ಇದ್ದದ್ದು ನಡೆಯುವವರೆಗೆ ನಡೆಸಬೇಕು. ಪೇಟೆಯ ರಿಪೇರಿ ಅಂಗಡಿಯನ್ನು ಉಳಿಸಿಕೊಳ್ಳಬೇಕು. ಆ ಹುಡುಗರಿಲ್ಲದಿದ್ದರೆ ನಮ್ಮ ಸ್ವಾಮ್ಯ ಗಾಜು ಒಡೆದ ದಿನಕ್ಕೇ ಮುಗಿಯುತ್ತದೆ. ಕೆಟ್ಟ ಫೋನನ್ನು ಕಸದೊಡನೆ ಕಾವೇರಿಯ ದಡಕ್ಕೆ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಎಲ್ಲಕ್ಕಿಂತ ಮೊದಲು, ದಿನದ ಲೆಕ್ಕವನ್ನು ಕಾಗದದ ಪುಸ್ತಕದಲ್ಲಿ ಬರೆದಿಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದ ಈ ಸೀಮೆಯಲ್ಲಿ ಇದರ ಬೆಲೆ ಯಾರಿಗೂ ವಿವರಿಸಬೇಕಾಗಿಲ್ಲ.

ಇವಿಷ್ಟೂ ಕೊಳ್ಳುವವರ ಪಾಲಿನ ಮಾತು. ಮೊಬೈಲು ಮಾರುವ ನಮ್ಮ ಸಮಾಜದ ಬಂಧುಗಳೂ ಅನೇಕರಿದ್ದಾರೆ. ಷರತ್ತನ್ನು ಹಣ ಪಡೆಯುವ ಮೊದಲೇ, ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಅವರ ಕೈಯಲ್ಲೇ ಇದೆ. ಅದಕ್ಕೆ ಯಾವ ಶಾಸನವೂ ಬೇಕಿಲ್ಲ, ಖರ್ಚೂ ಇಲ್ಲ. ಹಾಗೆ ಹೇಳಿದ ಅಂಗಡಿಗೆ ಗಿರಾಕಿ ಎರಡನೆಯ ಸಲವೂ ಬರುತ್ತಾನೆ ಎಂಬುದು ವ್ಯಾಪಾರದಲ್ಲಿ ಕೂದಲು ನರೆತವರೆಲ್ಲರ ಅನುಭವ.