ಮುಸುಕು ಬಿಚ್ಚುವ ಮುನ್ನ: ತಮಾಲ್ ರಸಿಕರಿಗೊಂದು ಕೈಪಿಡಿ

ಮುಸುಕಿನ ಜೋಳ ಎಂದು ಚೆಂದದ ಹೆಸರಿಟ್ಟವರು ನಾವು. ತೆನೆ ತಿಂದು ಮುಸುಕನ್ನು ದನಕ್ಕೆ ಹಾಕಿದವರೂ ನಾವೇ. ಮೆಕ್ಸಿಕೊದವರು ಆ ಮುಸುಕನ್ನು ಒಣಗಿಸಿ ಕಟ್ಟಿಟ್ಟರು. ಬೇಕಾದಾಗ ಬಿಸಿನೀರಲ್ಲಿ ನೆನೆಸಿ, ಅದೇ ಜೋಳದ ಹಿಟ್ಟನ್ನು ಒಳಗೆ ಬಳಿದು, ನಡುವೆ ಒಂದಿಷ್ಟು ಹೂರಣವಿಟ್ಟು, ಮಡಚಿ ಹಬೆಯಲ್ಲಿ ಬೇಯಿಸಿದರು. ಅದೇ ತಮಾಲ್. ಒಂದಾದರೆ ತಮಾಲ್, ಹೆಚ್ಚಾದರೆ ತಮಾಲೆಸ್. ನಾವಾಟಲ್ ಭಾಷೆಯ ‘ತಮಾಲ್ಲಿ’ ಸ್ಪ್ಯಾನಿಷರ ಬಾಯಲ್ಲಿ ಹೀಗಾಯಿತು. ಇಂಗ್ಲಿಷಿನವರು ಬಹುವಚನದ ಬಾಲ ಕತ್ತರಿಸಿ ‘ತಮಾಲಿ’ ಎಂಬ ಏಕವಚನವನ್ನು ತಾವೇ ಹುಟ್ಟಿಸಿಕೊಂಡರು. ನೀವು ಹಾಗೆ ಕೇಳಿದರೂ ತಮಾಲ್ ಮಾರುವ ಗಾಡಿಯ ಹೆಂಗಸು ಬೇಸರಿಸಿಕೊಳ್ಳುವುದಿಲ್ಲ, ಕೊಡುತ್ತಾಳೆ.

ಹಲಸಿನೆಲೆಯ ಕೊಟ್ಟೆ ಕಡುಬು, ಕೇದಗೆ ಓಲೆಯ ಮೂಡೆ, ಅರಿಶಿನ ಎಲೆಯ ಸಿಹಿ ಕಡುಬು ತಿಂದು ಬೆಳೆದ ನನಗೆ ಇದು ಕೂಡಲೇ ಒಗ್ಗಬೇಕಿತ್ತು. ಒಗ್ಗಲಿಲ್ಲ. ಶಿಕಾಗೋಗೆ ಬಂದ ಹೊಸತರಲ್ಲಿ ಒಂದು ಥಳುಕಿನ ಹೋಟೆಲಿನಲ್ಲಿ ತರಿಸಿಕೊಂಡ ತಮಾಲ್ ನಿನ್ನೆಯ ಉಪ್ಪಿಟ್ಟನ್ನು ಅಚ್ಚಿಗೆ ಹಾಕಿ ತೆಗೆದ ಹಾಗಿತ್ತು. ಮೇಲೆ ಧಾರಾಳವಾಗಿ ಚೀಸ್ ಸುರಿದಿದ್ದರು. ಇಷ್ಟೇ ತಾನೆ ಎಂದು ಎರಡು ಚಳಿಗಾಲ ಅದರ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಡಿಸೆಂಬರಿನಲ್ಲಿ ಪಕ್ಕದ ಮನೆಯ, ಮೆಕ್ಸಿಕೊದ ಮಿಚೊವಾಕಾನ್ ಕಡೆಯ ಅಜ್ಜಿ ಟವೆಲಿನಲ್ಲಿ ಸುತ್ತಿದ ಆರು ತಮಾಲೆಸ್ ತಂದುಕೊಟ್ಟರು. ನಾನು ಎರಡು ವರ್ಷ ಏನನ್ನು ಕಳೆದುಕೊಂಡಿದ್ದೆ ಎಂಬುದು ಮೊದಲನೆಯದು ಮುಗಿಯುವಷ್ಟರಲ್ಲಿ ಗೊತ್ತಾಯಿತು.

ಹೊಸಬರು ಹೂರಣಕ್ಕೆ ಮರುಳಾಗುತ್ತಾರೆ. ಹಸಿರು ಸಾಲ್ಸದ ಕೋಳಿಯೋ, ಕೆಂಪು ಮೆಣಸಿನ ಹಂದಿಮಾಂಸವೋ, ಮೋಲೆ ಎಂಬ ಗಟ್ಟಿ ಮಸಾಲೆ ಗೊಜ್ಜೋ ಎಂದು ವಿಚಾರಿಸುತ್ತಾರೆ. ತಮಾಲಿನ ಜೀವ ಇರುವುದು ಮಾಸಾದಲ್ಲಿ, ಅಂದರೆ ಹಿಟ್ಟಿನಲ್ಲಿ. ಒಣ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಅದರಲ್ಲೇ ನೆನೆಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ಉಜ್ಜಿ ಕಲ್ಲಿಗೆ ಹಾಕಿ ಅರೆಯುತ್ತಾರೆ. ಹೀಗೆ ನೆನೆದ ಜೋಳಕ್ಕೆ ನಿಶ್ತಮಾಲ್ ಎಂದು ಹೆಸರು. ಎಲೆ ಅಡಿಕೆಗೆ ಸುಣ್ಣ ಹಚ್ಚುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ಸುಣ್ಣದಿಂದ ಜೋಳದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನಲ್ಲಿ ಬಂಧಿಯಾಗಿದ್ದ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುತ್ತದೆ. ಯುರೋಪಿನವರು ಜೋಳವನ್ನು ಹಡಗಿಗೆ ಹೇರಿಕೊಂಡು ಹೋದರು, ಸುಣ್ಣದ ಗುಟ್ಟನ್ನು ಇಲ್ಲೇ ಬಿಟ್ಟುಹೋದರು. ಜೋಳವನ್ನೇ ನೆಚ್ಚಿದ ಉತ್ತರ ಇಟಲಿಯ ಬಡವರು, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರು ಪೆಲಾಗ್ರಾ ರೋಗದಿಂದ ನರಳಿದ್ದು ಇದರಿಂದಲೇ.

ಹೀಗೆ ಅರೆದ ಹಸಿ ಮಾಸಾಕ್ಕೂ, ಪೊಟ್ಟಣದ ಪುಡಿಗೆ ನೀರು ಕಲಸಿದ್ದಕ್ಕೂ ಇರುವ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ. ಹಸಿಯದಕ್ಕೆ ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮಳೆ ಹನಿ ಬಿದ್ದಂಥ ವಾಸನೆಯಿರುತ್ತದೆ. ತಮಾಲಿಗೆ ಮಾಸಾ ಸ್ವಲ್ಪ ತರಿತರಿಯಾಗಿ ಇರಬೇಕು. ಅದಕ್ಕೆ ಹಂದಿಯ ಕೊಬ್ಬು, ಮಾಂಸ ಬೆಂದ ರಸ, ಉಪ್ಪು ಹಾಕಿ ಹಗುರಾಗುವವರೆಗೆ ನಾದುತ್ತಾರೆ. ಹದ ಬಂತೋ ಇಲ್ಲವೋ ನೋಡಲು ಒಂದು ಚೂರನ್ನು ನೀರಿನ ಲೋಟಕ್ಕೆ ಹಾಕುತ್ತಾರೆ, ತೇಲಬೇಕು. ಉದ್ದಿನ ವಡೆಗೆ ರುಬ್ಬಿದ ಹಿಟ್ಟನ್ನು ನನ್ನ ಅಮ್ಮ ಪರೀಕ್ಷಿಸುತ್ತಿದ್ದದ್ದೂ ಹೀಗೆಯೇ. ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಮಾಸಾದ ಉಂಡೆ ಲೋಟದಲ್ಲಿ ತೇಲಿದಾಗ ನಾನೊಬ್ಬಳೇ ನಕ್ಕೆ.

ಇನ್ನು ತಿನ್ನುವ ಕ್ರಮ. 1976ರಲ್ಲಿ ಪ್ರಚಾರಕ್ಕೆಂದು ಸ್ಯಾನ್ ಆಂಟೋನಿಯೊಗೆ ಹೋಗಿದ್ದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎಲ್ಲರೆದುರು ತಮಾಲನ್ನು ಮುಸುಕಿನ ಸಮೇತ ಕಚ್ಚಿಬಿಟ್ಟರು. ಆ ವರ್ಷ ಟೆಕ್ಸಸ್ ಅವರ ಕೈತಪ್ಪಿದ್ದಕ್ಕೆ ಅದೇ ಕಾರಣವೆಂದು ಇಂದಿಗೂ ತಮಾಷೆ ಮಾಡುತ್ತಾರೆ. ನೀವು ಮುಸುಕು ಬಿಚ್ಚಿ. ಅದು ಹಿಟ್ಟನ್ನು ಕಿತ್ತುಕೊಳ್ಳದೆ ಸಲೀಸಾಗಿ ಬಿಡಬೇಕು, ಮೈಮೇಲೆ ಎಲೆಯ ಗೆರೆಗಳ ಅಚ್ಚು ಮೂಡಿರಬೇಕು. ಅಂಟಿಕೊಂಡರೆ ಬೆಂದಿಲ್ಲ, ಅಥವಾ ಇಳಿಸಿದ ಮೇಲೆ ಆರಲು ಬಿಟ್ಟಿಲ್ಲ. ಮೊದಲ ತುತ್ತನ್ನು ಹೂರಣವಿಲ್ಲದ ತುದಿಯಿಂದ ಮುರಿಯಿರಿ. ಬರೀ ಹಿಟ್ಟೇ ರುಚಿಯಾಗಿದ್ದರೆ ಒಳಗೇನಿದ್ದರೂ ಚಿಂತೆಯಿಲ್ಲ. ಸಪ್ಪೆಯಿದ್ದರೆ ಯಾವ ಮೋಲೆಯೂ ಅದನ್ನು ಉಳಿಸದು. ಇಂಥ ವಿಮರ್ಶೆ ಹೊಸದೇನಲ್ಲ. 16ನೇ ಶತಮಾನದಲ್ಲಿ ಅಜ್ಟೆಕರ ಬದುಕನ್ನು ದಾಖಲಿಸಿದ ಪಾದ್ರಿ ಬರ್ನಾರ್ದಿನೊ ದೆ ಸಹಾಗುನ್, ಸಂತೆಯ ತಮಾಲೆಸ್‌ಗಳ ಬಗೆಗಳನ್ನು ಬರೆದಿಟ್ಟ ಜೊತೆಗೆ, ಕೊಳಕು ಮಾಲು, ರುಚಿಗೆಟ್ಟ ಮಾಲು ಮಾರುವ ಕೆಟ್ಟ ವ್ಯಾಪಾರಿಯನ್ನೂ ಬಿಟ್ಟಿಲ್ಲ.

ಹುಡುಕುವುದು ಎಲ್ಲಿ? ಮೊದಲು ಹೊತ್ತು ನೋಡಿ. ಒಳ್ಳೆಯ ತಮಾಲ್ ಬೆಳಗಿನದು, ಅದೂ ಕೆಲಸಕ್ಕೆ ಹೋಗುವವರ ಬೆಳಗಿನದು. ಮೆಕ್ಸಿಕೊ ನಗರದಲ್ಲಿ ಮೆಟ್ರೊ ನಿಲ್ದಾಣದ ಬಾಯಲ್ಲಿ ಎತ್ತರದ ಹಬೆಪಾತ್ರೆ, ಪಕ್ಕದಲ್ಲಿ ಬಿಸಿ ಅತೋಲೆ, ಅಂದರೆ ಜೋಳದ ಹಿಟ್ಟಿನ ಕುಡಿಯುವ ಗಂಜಿ. ಅಲ್ಲಿನವರು ತಮಾಲನ್ನು ಬನ್ನಿನೊಳಗೆ ಸೇರಿಸಿ ‘ಗ್ವಾಹೊಲೊತಾ’ ಎಂದು ತಿನ್ನುತ್ತಾರೆ. ಹಿಟ್ಟಿನೊಳಗೆ ಹಿಟ್ಟು, ಮಧ್ಯಾಹ್ನದವರೆಗೆ ಹಸಿವೆಯ ಮಾತೇ ಇಲ್ಲ. ರಾತ್ರಿಯಾದರೆ ಮೂರು ಚಕ್ರದ ಸೈಕಲ್ಲಿನ ಧ್ವನಿವರ್ಧಕದಿಂದ ಒಆಹಾಕಾದ ತಮಾಲ್ ಬಂತೆಂದು ರೆಕಾರ್ಡ್ ಮಾಡಿದ ಕೂಗು ಬೀದಿ ಬೀದಿ ಸುತ್ತುತ್ತದೆ. ಗ್ವಾಟೆಮಾಲಾದಲ್ಲಿ ಶನಿವಾರ ಸಂಜೆ ಮನೆಯ ಮುಂದೆ ಕೆಂಪು ದೀಪ ಉರಿದರೆ ಒಳಗೆ ತಮಾಲ್ ಸಿಗುತ್ತದೆಂದು ಅರ್ಥ. ಬೇರೆ ಊರಿನಿಂದ ಬಂದವರು ತಪ್ಪು ತಿಳಿಯದಿದ್ದರೆ ಸರಿ.

ಅಮೆರಿಕದಲ್ಲಿ ಫಲಕ ಹುಡುಕಬೇಡಿ, ಜನರನ್ನು ಹಿಂಬಾಲಿಸಿ. ಸ್ಪ್ಯಾನಿಷ್ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲು, ದಿನಗೂಲಿಯವರು ಕಾಯುವ ಹಾರ್ಡ್‌ವೇರ್ ಅಂಗಡಿಯ ಮುಂಭಾಗ, ಶಿಕಾಗೋದ 26ನೇ ಬೀದಿ, ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಮೇಲೆ ರೈಲು ಗಡಗಡಿಸುವ ರೂಸ್‌ವೆಲ್ಟ್ ಅವೆನ್ಯೂ, ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್. ಕ್ಯಾಲಿಫೋರ್ನಿಯಾದಲ್ಲಿ 2018ರ ಕಾನೂನಿನಿಂದ ಫುಟ್‌ಪಾತ್ ವ್ಯಾಪಾರ ಅಪರಾಧವಲ್ಲವೆಂದಾಯಿತು. ಅಲ್ಲಿಯವರೆಗೆ ಎಷ್ಟೋ ಹೆಂಗಸರು ಐಸ್‌ಪೆಟ್ಟಿಗೆಯಲ್ಲಿ ಬಿಸಿ ತಮಾಲ್ ಮುಚ್ಚಿಟ್ಟುಕೊಂಡು ಒಂದು ಕಣ್ಣನ್ನು ಪೊಲೀಸರ ಮೇಲಿಟ್ಟೇ ಮಾರುತ್ತಿದ್ದರು. ಯಾರೂ ಗೊತ್ತಿಲ್ಲದ ಊರಾದರೆ ಮಾಸಾ ಅರೆಯುವ ತೊರ್ತಿಯಾ ರೊಟ್ಟಿಯ ಅಂಗಡಿ ಹುಡುಕಿ, ಡಿಸೆಂಬರಿನ ಮೂರನೇ ವಾರ ಅದರ ಸಾಲಿನಲ್ಲಿ ನಿಲ್ಲಿ. ಇಪ್ಪತ್ತು ಪೌಂಡ್ ಮಾಸಾ ಹೊತ್ತುಕೊಂಡು ಹೋಗುವ ಅಜ್ಜಿಯರಲ್ಲಿ ಒಬ್ಬರಾದರೂ ಡಜನ್ ಲೆಕ್ಕದಲ್ಲಿ ಮಾರುವವರಿರುತ್ತಾರೆ.

ಊರೂರಿಗೂ ರೂಪ ಬೇರೆ. ಒಆಹಾಕಾದ್ದು ಬಾಳೆ ಎಲೆಯಲ್ಲಿ ಸುತ್ತಿ ಕಪ್ಪು ಮೋಲೆ ತುಂಬಿದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು. ಮಿಚೊವಾಕಾನಿನ ಕೊರುಂದಾ ಜೋಳದ ಗಿಡದ ಹಸಿರೆಲೆಯಲ್ಲಿ ಮಡಚಿದ ತ್ರಿಕೋನ. ವಾಸ್ತೆಕಾ ಸೀಮೆಯ ಸಾಕಾವಿಲ್ ಊರಿಗೆಲ್ಲ ಸಾಲುವಷ್ಟು ದೊಡ್ಡದು, ಒಲೆಯೊಳಗೆ ಸುಡುತ್ತಾರೆ. ನಿಕರಾಗುವಾದವರಿಗೆ ನಾಕತಮಾಲ್ ಭಾನುವಾರದ ತಿಂಡಿ. ಮಿಸಿಸಿಪ್ಪಿ ಡೆಲ್ಟಾದಲ್ಲಿ ಹಬೆಯ ಬದಲು ಖಾರದ ನೀರಿನಲ್ಲೇ ಕುದಿಸುತ್ತಾರೆ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಧ್ವನಿಮುದ್ರಿಸಿದ ಹಾಡೊಂದು ಅದರದ್ದೇ. ಅದನ್ನು ಮೆಕ್ಸಿಕೊದ ಅಳತೆಗೋಲಿನಿಂದ ಅಳೆದರೆ ನಷ್ಟ ನಿಮಗೇ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ‘ರಾಹಾಸ್ ಕೊನ್ ಕೇಸೊ’ ಎಂದರೆ ಮೆಣಸಿನಕಾಯಿ ಮತ್ತು ಗಿಣ್ಣು, ಕೇಳಲು ನಿರಪಾಯ. ಹಿಟ್ಟಿನಲ್ಲಿ ಹಂದಿಕೊಬ್ಬಿರಬಹುದು, ಕೋಳಿಯ ರಸವೂ ಇರಬಹುದು. ಒಣದ್ರಾಕ್ಷಿ ಹಾಕಿದ ಗುಲಾಬಿ ಬಣ್ಣದ ಸಿಹಿ ತಮಾಲೂ ಹಾಗೆಯೇ. “ಯೇವಾ ಮಾಂತೇಕಾ?” ಎಂದು ಕೇಳಿ, ಕೊಬ್ಬು ಹಾಕಿದ್ದೀರಾ ಎಂದು ಅದರರ್ಥ. ಹೌದೆಂದರೆ ಅತೋಲೆ ಕುಡಿದು ಮನೆಗೆ ನಡೆಯಿರಿ, ಅಥವಾ ಎಣ್ಣೆಯಲ್ಲಿ ಮಾಡಿಕೊಡುವವರನ್ನು ಹುಡುಕಿ. ಇದ್ದಾರೆ.

ಕೊಂಡು ತಿನ್ನುವುದಕ್ಕಿಂತ ಒಳ್ಳೆಯ ದಾರಿಯೊಂದಿದೆ, ಅದಕ್ಕೆ ಕರೆ ಬರಬೇಕು. ಜನವರಿ 6ರಂದು ರೋಸ್ಕಾ ಎಂಬ ಉಂಗುರದಾಕಾರದ ಸಿಹಿ ಬ್ರೆಡ್ಡು ಕತ್ತರಿಸುವಾಗ ಯಾರ ಪಾಲಿಗೆ ಒಳಗಿನ ಪುಟ್ಟ ಗೊಂಬೆ ಸಿಗುತ್ತದೋ ಅವರು ಫೆಬ್ರವರಿ 2ರ ಕಾಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲ್ ಹಾಕಿಸಬೇಕು. ನನ್ನ ಚೂರಿನಲ್ಲಿ ಒಮ್ಮೆ ಸಿಕ್ಕಿತು. ಒಬ್ಬಳಿಂದ ಆಗುವ ಕೆಲಸವಲ್ಲವೆಂದು ಅಜ್ಜಿಯೇ ತಮ್ಮ ಅಡುಗೆಮನೆ ಬಿಟ್ಟುಕೊಟ್ಟರು. ಐದು ಜನ ಹೆಂಗಸರು ಮೇಜಿನ ಸುತ್ತ ಕೂತು ಮುಸುಕಿಗೆ ಹಿಟ್ಟು ಬಳಿಯುತ್ತಿದ್ದರು. ನನ್ನ ಕೈಯದು ದಪ್ಪವಾಯಿತೆಂದು ಮೂರು ಸಲ ಕೆರೆದು ತೆಗೆಸಿದರು. ಹಬೆಪಾತ್ರೆಯ ತಳದ ನೀರಿಗೆ ಅಜ್ಜಿ ಒಂದು ನಾಣ್ಯ ಹಾಕಿದರು. ನೀರು ಕುದಿಯುವಷ್ಟು ಹೊತ್ತೂ ಅದು ಟಕಟಕ ಎನ್ನುತ್ತದೆ. ಗಂಟೆಗಟ್ಟಲೆ ಮಾತು ನಡೆಯುತ್ತಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಟಕಟಕ ನಿಂತ ಕ್ಷಣ ಐವರೂ ಒಟ್ಟಿಗೆ ಬಾಯಿ ಮುಚ್ಚಿ ಒಲೆಯ ಕಡೆ ತಿರುಗಿದರು, ಒಬ್ಬಾಕೆ ಎದ್ದು ಕೆಟಲ್ಲಿನ ಬಿಸಿನೀರು ಹುಯ್ದರು.