ಹೆಸರು ಕಳಕೊಂಡ ಸೊಳ್ಳೆಕೋಶ

ಸಾವಿಲ್ಲದ ಜೀವಕೋಶಗಳ ಮಾತು ಬಂದರೆ ಸಾಕು, ನಮ್ಮ ವಿಜ್ಞಾನ ಬರಹಗಾರರು ನೆಟ್ಟಗೆ ಬಾಲ್ಟಿಮೋರಿಗೆ ಹೊರಡುತ್ತಾರೆ. 1951, ಹೆನ್ರಿಯೆಟಾ ಲ್ಯಾಕ್ಸ್, ಹೀಲಾ ಕೋಶ: 2010ರಲ್ಲಿ ರೆಬೆಕಾ ಸ್ಕ್ಲೂಟ್ ಬರೆದ ಪುಸ್ತಕದ ನಂತರ ಎಲ್ಲರಿಗೂ ಬಾಯಿಪಾಠ. ಆ ಕಥೆಗೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಂದಿದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಸೊಳ್ಳೆಮರಿಗಳಿಂದ ಎಬ್ಬಿಸಿದ ಕೋಶತಳಿಗೆ ಅದರ ಕಾಲು ಪಾಲೂ ದಕ್ಕಿಲ್ಲ.

ಚೆನ್ನೈನ ಪುರಸೈವಾಕ್ಕಂನಂಥ ಕಡೆ ಈ ತಕರಾರಿಗೆ ತೂಕ ಹೆಚ್ಚು. ತಾರಸಿಯ ಡ್ರಮ್ಮಿನಲ್ಲಿ ಈಡಿಸ್ ಸೊಳ್ಳೆ ಮೊಟ್ಟೆಯಿಡುವ ಊರು ಅದು. 1964ರಲ್ಲಿ ಮದ್ರಾಸು ಅದೇ ಸೊಳ್ಳೆ ಹರಡುವ ಚಿಕೂನ್‌ಗುನ್ಯಾಕ್ಕೆ ತತ್ತರಿಸಿತ್ತು. ಪಕ್ಕದ ವೇಪೇರಿಯಲ್ಲಿ 1903ರಷ್ಟು ಹಳೆಯ ಪಶುವೈದ್ಯ ಕಾಲೇಜಿದೆ. ಅಲ್ಲಿ ವೈರಾಣುಶಾಸ್ತ್ರ ಓದುವವರಿಗೆ ಮಂಗನ ಮೂತ್ರಪಿಂಡದ ವೀರೋ, ನಾಯಿಯ ಎಂಡಿಸಿಕೆ, ಹ್ಯಾಮ್‌ಸ್ಟರ್‌ನ ಬಿಎಚ್‌ಕೆ-21 ಈ ಯಾವ ಕೋಶತಳಿಯೂ ಹೊಸದಲ್ಲ. ಅದೇ ಸಾಲಿನ ಸಿ6/36 ಎಂಬ ಸೊಳ್ಳೆಕೋಶ ಮಾತ್ರ ತಾನು ಪುಣೆಯದೆಂದು ಹೇಳಿಕೊಳ್ಳುವುದಿಲ್ಲ.

1967ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಬಂದದ್ದು ಮೂರು ಪುಟದ ಬರಹ. ಆಗತಾನೇ ಮೊಟ್ಟೆಯೊಡೆದ ಈಡಿಸ್ ಆಲ್ಬೊಪಿಕ್ಟಸ್ ಮತ್ತು ಈಜಿಪ್ಟಿ ಮರಿಗಳನ್ನು ಇಡಿಯಾಗಿ ಕೊಚ್ಚಿ, ಪೋಷಕ ದ್ರವ, ಕರುವಿನ ಸೀರಂ ಕೊಟ್ಟು ಬೆಳೆಸಿದ ಕೆಲಸ. ನಿಂತ ನೀರಿನ ಜೀವಿಯನ್ನು ಬ್ಯಾಕ್ಟೀರಿಯಾ ಅಂಟದಂತೆ ಫ್ಲಾಸ್ಕಿಗೆ ಇಳಿಸುವುದೇ ಅರ್ಧ ಯುದ್ಧ. ಇಡೀ ಮರಿಯನ್ನೇ ಕೊಚ್ಚಿದ್ದರಿಂದ ಉಳಿದುಕೊಂಡ ಕೋಶ ಕರುಳಿನದೋ ಚರ್ಮದ್ದೋ ಹೇಳಲಾಗದು. ಇದು ಕೊರತೆಯೇ, ಒಪ್ಪೋಣ. ಆದರೆ ಆಸ್ಟ್ರೇಲಿಯಾದ ಗ್ರೇಸ್ ಅದೇ ಹೊತ್ತಿಗೆ ಸೊಳ್ಳೆಯದೆಂದು ಹೊರಗೆ ತಂದ ತಳಿ ಕೊನೆಗೆ ಪತಂಗದ್ದೆಂದು ಬಯಲಾಯಿತು. ಸಿಂಗ್ ಅವರದು ಸೊಳ್ಳೆಯದಾಗಿಯೇ ಉಳಿಯಿತು. ಮರುವರ್ಷವೇ ಅವರು ಎಸ್.ಡಿ. ಪಾಲ್ ಜೊತೆ ಸೇರಿ, ಸೊಳ್ಳೆ ಹರಡುವ ವೈರಸ್‌ಗಳು ಇದರಲ್ಲಿ ವೃದ್ಧಿಯಾಗುತ್ತವೆಂದು ತೋರಿಸಿದರು.

ಆಮೇಲಿನದು 1978ರ ಪ್ರಬಂಧ. ಜಪಾನಿನ ಅಕಿರಾ ಇಗರಾಶಿ ಸಿಂಗ್ ಅವರ ಆಲ್ಬೊಪಿಕ್ಟಸ್ ಕೋಶಗಳನ್ನು ಒಂದೊಂದಾಗಿ ಬಿಡಿಸಿ, ಡೆಂಗಿ ಮತ್ತು ಚಿಕೂನ್‌ಗುನ್ಯಾಕ್ಕೆ ಚೆನ್ನಾಗಿ ಮಣಿಯುವ ಒಂದು ಕ್ಲೋನನ್ನು ಆರಿಸಿದರು. ಅದೇ ಸಿ6/36. ಇಗರಾಶಿಯವರದು ತಪ್ಪಿಲ್ಲ, ಪ್ರಬಂಧದ ಶೀರ್ಷಿಕೆಯಲ್ಲೇ ಇದು ಸಿಂಗ್ ಅವರ ಕೋಶದ ಕ್ಲೋನ್ ಎಂದು ನಮೂದಿಸಿದ್ದಾರೆ. ಹೆಸರನ್ನು ಉದುರಿಸಿದವರು ಆಮೇಲಿನವರು: ಇಗರಾಶಿಯವರ ಪ್ರಬಂಧವೊಂದನ್ನೇ ಉಲ್ಲೇಖಿಸಿ ಕೈತೊಳೆದುಕೊಂಡವರು. ಶೀರ್ಷಿಕೆಯನ್ನೂ ಪೂರ್ತಿ ಓದದೆ ಉಲ್ಲೇಖಿಸುವ ಈ ಚಾಳಿಗೆ ಸಮರ್ಥನೆ ಇಲ್ಲ.

ಸಿ6/36 ಅನ್ನು ಹಳಿಯುವವರದು ಇನ್ನೊಂದು ಪಂಗಡ. ಅವರ ಕೈಯಲ್ಲಿ ಗಟ್ಟಿ ಪುರಾವೆಯಿದೆ. ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸುವ ಡೈಸರ್-2 ಎಂಬ ಕಿಣ್ವ ಈ ಕೋಶದಲ್ಲಿ ಕೆಲಸ ಮಾಡುವುದಿಲ್ಲವೆಂದು 2010ರಲ್ಲೇ ತೋರಿಸಲಾಗಿದೆ. ಚಿಲಕವಿಲ್ಲದ ಮನೆಗೆ ಕಳ್ಳ ನುಗ್ಗಿದಂತೆ ವೈರಸ್ ನುಗ್ಗುತ್ತದೆ. ಹೀಗಿರುವಾಗ ಸೊಳ್ಳೆಯೊಳಗೆ ನಡೆಯುವುದನ್ನು ಇದರಿಂದ ತಿಳಿಯುವುದೆಂತು ಎನ್ನುತ್ತಾರೆ. ಸೊಳ್ಳೆಯ ರೋಗನಿರೋಧಕ್ಕೆ ಇದನ್ನು ಮಾದರಿ ಮಾಡಿಕೊಂಡವರ ಮಟ್ಟಿಗೆ ಆಕ್ಷೇಪ ಸರಿ. ಸಿಂಗ್ ಅವರ ತಳಿಯನ್ನೇ ಇದಕ್ಕಾಗಿ ತಳ್ಳಿಹಾಕುವುದು ಮಾತ್ರ ಸೋಮಾರಿತನ. ಅದೇ ಮೂಲದಿಂದ ಬಂದ ಯು4.4 ಎಂಬ ತಳಿಯಲ್ಲಿ ಈ ರಕ್ಷಣೆ ಸರಿಯಾಗಿಯೇ ನಡೆಯುತ್ತದೆ. ವೈರಸ್‌ಗೆ ಬೇಗ ಸೋಲುವುದು ಬೇಕೆಂದು ಹುಡುಕಿದವರಿಗೆ ಅಂಥದ್ದೇ ಸಿಕ್ಕಿತು. ಸಂಶೋಧಕರು ತಮ್ಮ ಆಯ್ಕೆಯ ಗುಣವನ್ನು ಸೊಳ್ಳೆಯ ತಲೆಗೆ ಕಟ್ಟಿದರೆ ಪುಣೆಯ ಫ್ಲಾಸ್ಕು ಏನು ಮಾಡೀತು?

ರೋಗಿಯ ರಕ್ತದಿಂದ ವೈರಸ್ ಹಿಡಿಯುವ ಲ್ಯಾಬಿಗಾದರೆ ಈ ‘ದೋಷ’ವೇ ವರ. ಹಿಂದೆ ಎಳೆಯ ಇಲಿಮರಿಯ ಮೆದುಳಿಗೆ ಸೂಜಿ ಚುಚ್ಚಿ ಕಾಯಬೇಕಿತ್ತು. ವೀರೋಗೆ 37 ಡಿಗ್ರಿ, ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಬೇಕು. ಸಿ6/36ಗೆ 28 ಡಿಗ್ರಿ ಸಾಕು, ತಕ್ಕ ದ್ರವವಿದ್ದರೆ ಆ ಗ್ಯಾಸೂ ಬೇಡ. ಹೀಲಾ ಬಗ್ಗೆ ವರ್ಷಕ್ಕೊಂದು ಲೇಖನ ಬರೆಯುವವರು ಒಂದು ವರ್ಷವಾದರೂ ಕರೆಂಟ್ ಸೈನ್ಸ್‌ನ ಆ ಮೂರು ಪುಟ ತೆಗೆದು ನೋಡಬಹುದು. 36ನೇ ಸಂಪುಟ, ಬೆಂಗಳೂರಿನ ಯಾವ ಹಳೆಯ ವಿಜ್ಞಾನ ಗ್ರಂಥಾಲಯದಲ್ಲೂ ಸಿಕ್ಕೀತು.